ಗ್ರೀಕರ ಹಿಂದೆ ಹೋದ ಮಗಳು

ವೆರಿಬೀ, ಮೆಲ್ಬರ್ನ್
4 ಮಾರ್ಚ್ 2007

ಪ್ರೀತಿಯ ತೇಜೂ,

ಕರ್ತನು ನಿನ್ನನ್ನು ಕಾಯಲಿ. ಪಪ್ಪನ ಮೊಣಕಾಲು ನೋವೊಂದು ಬಿಟ್ಟರೆ ನಾವಿಲ್ಲಿ ಕ್ಷೇಮ.

ಫೋನ್ ಇರುವಾಗ ಕಾಗದ ಯಾಕೆ ಅಂತ ನೀನು ನಗಬಹುದು. ಫೋನಿನ ಪಕ್ಕದಲ್ಲೇ ಪಪ್ಪ ಕೂತಿರುತ್ತಾರೆ. ಆ ಕಡೆಯಿಂದ ನೀನು ಅರ್ಧ ಇಂಗ್ಲಿಷಿನಲ್ಲಿ ಓಡುತ್ತೀಯ. ನಾನು ‘ಊಟ ಆತೇನು’ ಅಂದು ಇಟ್ಟುಬಿಡುತ್ತೇನೆ. ಕೇಳಬೇಕಾದದ್ದೆಲ್ಲ ಇಟ್ಟ ಮೇಲೆ ನೆನಪಾಗುತ್ತದೆ. ನಿಮ್ಮ ಮ್ಯಾಕ್ವೆರಿ ಪಾರ್ಕ್‌ನಲ್ಲಿ ನೆಲದಡಿಗೆ ರೈಲು ಸ್ಟೇಷನ್ ಕಟ್ಟುತ್ತಿದ್ದಾರೆ ಅಂದಿದ್ದೆಯಲ್ಲ, ನೀನಿರುವ ಮನೆಯ ಗೋಡೆ ಬಿರುಕು ಬಿಟ್ಟಿದೆಯಾ ನೋಡು. ಹೀಟರ್ ಹಚ್ಚಿ ಮಲಗಬೇಡ. ಇನ್ನೂ ಚಳಿ ಬಂದಿಲ್ಲ, ಗೊತ್ತು. ಈಗಲೇ ಹೇಳಿಟ್ಟಿರುತ್ತೇನೆ.

ನನ್ನ ಹುಟ್ಟುಹಬ್ಬದ ಕಾರ್ಡಿನಲ್ಲಿ ಕನ್ನಡದಲ್ಲೇ ಬರೆದಿದ್ದೆ, ಓದಿ ಕಣ್ಣು ತುಂಬಿತು. ‘ಈ ಸೆಮಿಸ್ಟರ್ ಪೂರ್ತಿ ಲೋಗೋಸ್ ಮೇಲೆ ಕೆಲಸ ಅವ್ವಾ, ತಲೆ ತುಂಬ ಅದೇ’ ಅಂದಿದ್ದೀಯ. ಅಕೌಂಟಿಂಗ್ ಓದುವವಳಿಗೆ ಲೋಗೋ ಬರೆಯುವ ಕೆಲಸ ಯಾಕೆ ಬಂತು ಅಂತ ಮೊದಲು ಗಾಬರಿಯಾಯಿತು. ವಾರಕ್ಕೆರಡು ದಿನ ನೀನು ರಿಸೆಪ್ಷನ್‌ನಲ್ಲಿ ಕೂರುವ ಆ ನಾರ್ವೆಸ್ಟ್ ಕಂಪನಿಯವರು ಕೊಟ್ಟಿರಬೇಕು ಅಂದುಕೊಂಡೆ. ಕೃಪಾ ಆಂಟಿಗೆ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆನೋ ಏನೋ, ಭಾನುವಾರ ಫೆಲೋಶಿಪ್‌ನಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ನಮ್ಮ ಕನ್ನಡ ಕ್ರೈಸ್ತ ಫೆಲೋಶಿಪ್‌ಗೆ ಜೂನ್‌ನಲ್ಲಿ ಹತ್ತು ವರ್ಷ. ಬ್ಯಾನರ್ ಮಾಡಿಸುತ್ತಾರೆ. ಮರಿಯಪ್ಪ ಅಂಕಲ್ ನನ್ನನ್ನು ಹಿಡಿದು ನಿಲ್ಲಿಸಿ, “ನಮ್ಮ ಹುಡುಗೀನ ಇರಬೇಕಾದ್ರ ಹೊರಗ ಯಾಕ ಕೊಡಬೇಕ್ರೀ? ಒಂದು ಶಿಲುಬಿ, ಬಾಜೂಕ ಒಂದು ಕಾಂಗರೂ. ತೇಜೂಗ ಹೇಳ್ರಿ, ಚಂದಂಗೆ ಒಂದು ಲೋಗೋ ಮಾಡಿ ಕಳಿಸಲಿ” ಅಂದರು. ಹೂಂ ಅಂದುಬಿಟ್ಟೆ. ಬೇಗ ಕಳಿಸು. ಕಾಂಗರೂ ಕೂತಿರಲಿ, ಹಾರುವುದು ಬೇಡ. ಶಿಲುಬೆಯ ಪಕ್ಕ ಹಾರಿದರೆ ಮರ್ಯಾದೆಯಾಗಿ ಕಾಣುವುದಿಲ್ಲ.

ನಿನ್ನ ಅವ್ವ,
ಜಲಜಾ

—

ಮ್ಯಾಕ್ವೆರಿ ಪಾರ್ಕ್, ಸಿಡ್ನಿ
17 ಮಾರ್ಚ್ 2007

ಅವ್ವಾ,

ಬರೆದು, ಹರಿದು, ಮತ್ತೆ ಬರೆಯುತ್ತಿದ್ದೇನೆ. ನನ್ನ ಕನ್ನಡ ಹುಬ್ಬಳ್ಳಿಯ ಏಳನೇ ಕ್ಲಾಸಿಗೇ ನಿಂತದ್ದು ನಿನಗೆ ಗೊತ್ತು. ತಪ್ಪಿದ್ದರೆ ತಿದ್ದಿಕೊಂಡು ಓದು.

ಅದು ಲೋಗೋ ಅಲ್ಲ ಅವ್ವಾ. ಲೋಗೋಸ್ ಅಂದರೆ ತುಂಬ ಲೋಗೋಗಳು ಅಂತಲೂ ಅಲ್ಲ. ಅದು ಒಂದೇ ಪದ, ಗ್ರೀಕ್ ಭಾಷೆಯದು. ಯೋಹಾನನ ಸುವಾರ್ತೆಯ ಶುರುವಿನಲ್ಲಿ ನಮ್ಮ ಬೈಬಲ್ ‘ವಾಕ್ಯ’ ಅನ್ನುತ್ತದಲ್ಲ, ಅಲ್ಲಿ ಮೂಲದಲ್ಲಿರುವ ಪದ ಅದೇ. ಯೋಹಾನ ಬರೆಯುವುದಕ್ಕೆ ಎಷ್ಟೋ ಕಾಲ ಮೊದಲಿನಿಂದ ಗ್ರೀಕ್ ತತ್ವಜ್ಞಾನಿಗಳು ಅದನ್ನು ಬಳಸುತ್ತಿದ್ದರು. ಸೂರ್ಯ, ಬೆಳೆ, ಹುಟ್ಟು, ಸಾವು ಎಲ್ಲ ಒಂದು ಕ್ರಮದಲ್ಲಿ ನಡೆಯುತ್ತವಲ್ಲ, ಆ ಕ್ರಮದ ಒಳಗೆ ಇರುವ ಬುದ್ಧಿಗೆ ಅವರಲ್ಲಿ ಸ್ಟೋಯಿಕರು ಎಂಬ ಪಂಗಡದವರು ಲೋಗೋಸ್ ಅಂದರು. ಅಲೆಕ್ಸಾಂಡ್ರಿಯಾದ ಫಿಲೋ ಎಂಬ ಯೆಹೂದಿ ಅದನ್ನು ತನ್ನ ದೇವರ ಮಾತಿನ ಜೊತೆ ಸೇರಿಸಿದ. ಆಮೇಲೆ ಬಂದ ಕ್ರೈಸ್ತರಲ್ಲಿ ಓದಿದವರೆಲ್ಲ ಪ್ಲೇಟೋನನ್ನು ಓದಿಕೊಂಡೇ ಬಂದವರು. ಜಸ್ಟಿನ್ ಅಂತ ಒಬ್ಬನಿದ್ದ. ಕ್ರೈಸ್ತನಾದ ಮೇಲೂ ಅವನು ತತ್ವಜ್ಞಾನಿಗಳ ಹೊದಿಕೆಯನ್ನು ತೆಗೆಯಲಿಲ್ಲ, ಅದನ್ನೇ ಹೊದ್ದು ಯೇಸುವಿನ ವಿಷಯ ಹೇಳುತ್ತಿದ್ದ. ಕ್ರಿಸ್ತನಿಗಿಂತ ಮುಂಚಿನ ಜನರಲ್ಲೂ ಲೋಗೋಸಿನ ಬೀಜ ಇತ್ತು, ಅದರಂತೆ ಬಾಳಿದವರೂ ನಮ್ಮವರೇ ಅಂದ. ಅದನ್ನು ಓದಿದ ದಿನ ನನಗೆ ಊಟ ಬೇಡವಾಯಿತು, ಅಷ್ಟು ಸಂತೋಷ.

ಇನ್ನೊಂದು ವಿಷಯ. ಕೂತು ಓದು. ನಾನು ಅಕೌಂಟಿಂಗ್ ಬಿಟ್ಟಿದ್ದೇನೆ. ಹೋದ ವರ್ಷವೇ. ಈಗ ಓದುತ್ತಿರುವುದು ಪ್ರಾಚೀನ ಇತಿಹಾಸ. ಜುಲೈ ರಜೆಗೆ ಬಂದಾಗ ಪಪ್ಪನಿಗೆ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಯಾರ ಹತ್ತಿರವೂ ಆಡಬೇಡ, ಪ್ಲೀಸ್. ಮರಿಯಪ್ಪ ಅಂಕಲ್‌ಗೆ ನನಗೆ ಚಿತ್ರ ಬರುವುದಿಲ್ಲ ಅಂತ ಮಾತ್ರ ಹೇಳು.

ತೇಜೂ

—

ವೆರಿಬೀ
24 ಮಾರ್ಚ್ 2007

ತೇಜೂ,

ನಿನ್ನ ಕಾಗದವನ್ನು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಓದಿದೆ. ಮತ್ತೆ ಕೆಲಸಕ್ಕೆ ಒಯ್ದು, ನರ್ಸಿಂಗ್ ಹೋಮಿನ ಲಾಂಡ್ರಿಯಲ್ಲಿ ಡ್ರೈಯರ್ ತಿರುಗುವಾಗ ಓದಿದೆ. ಜೊತೆಯವಳು ಊರಲ್ಲಿ ಯಾರಾದರೂ ತೀರಿಕೊಂಡರಾ ಅಂತ ಕೇಳಿದಳು.

ಲೋಗೋ ಅಂತ ಊರೆಲ್ಲ ಸಾರಿದ್ದಕ್ಕೆ ನನ್ನ ಮುಖ ಎಲ್ಲಿಡಲಿ? ಏಳನೇ ಕ್ಲಾಸಿಗೆ ಬಿಟ್ಟವಳು ನಾನು. ಅವ್ವ ಹಾಸಿಗೆ ಹಿಡಿದಳು, ಶಾಲೆ ನಿಂತಿತು. ಮದುವೆಯಾದ ಮೇಲೆ ಎಸ್ಸೆಸ್ಸೆಲ್ಸಿಗೆ ಹೊರಗಿನಿಂದ ಕಟ್ಟಿ ಇಂಗ್ಲಿಷಿನಲ್ಲಿ ಫೇಲಾದೆ. ಆ ಪದ ನನಗೆ ಎಲ್ಲಿಂದ ಗೊತ್ತಾಗಬೇಕು? ವ್ಯಾಕರಣದ ಪಾಠದಲ್ಲಿ ವಾಕ್ಯ ಅಂದರೆ ಕರ್ತೃ, ಕರ್ಮ, ಕ್ರಿಯಾಪದ. ಚಿಕ್ಕವಳಿದ್ದಾಗ ನಾನು, ದೇವರು ಎಲ್ಲಕ್ಕಿಂತ ಮೊದಲು ತಪ್ಪಿಲ್ಲದ ಹಾಗೆ ಒಂದು ವಾಕ್ಯ ರಚನೆ ಮಾಡಿದ ಅಂತಲೇ ತಿಳಿದಿದ್ದೆ. ಯಾರಿಗೂ ಹೇಳಿರಲಿಲ್ಲ.

ಅಕೌಂಟಿಂಗ್ ಬಿಟ್ಟದ್ದು ದೊಡ್ಡ ಚಿಂತೆಯೇ. ಆದರೆ ಅದಕ್ಕಿಂತ ಹೆಚ್ಚಿನದು ಇನ್ನೊಂದು. ನಾವು ಬೆಳಿಗ್ಗೆ ಸಂಜೆ ಓದುವ ವಾಕ್ಯ ಗ್ರೀಕರ ಎಂಜಲು ಅಂತಲಾ ನೀನು ಹೇಳುವುದು? ಹಾಗಾದರೆ ನಮ್ಮದು ಅಂತ ಏನಿದೆ? ನಮ್ಮ ಅಜ್ಜ ಈ ವಾಕ್ಯಕ್ಕಾಗಿ ಬೆಟಗೇರಿಯಲ್ಲಿ ಅಣ್ಣತಮ್ಮಂದಿರನ್ನು ಬಿಟ್ಟು ಬಂದವರು. ಅವರ ಅವ್ವ ಬಸಕ್ಕಜ್ಜಿ ಮಾತ್ರ ದೀಕ್ಷಾಸ್ನಾನ ತಗೊಳ್ಳಲಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡೇ ನಮ್ಮ ಜೊತೆ ಚರ್ಚಿನವರೆಗೆ ಬರುತ್ತಿದ್ದಳು. ಒಳಗೆ ಆರಾಧನೆ ಮುಗಿಯುವತನಕ ಮೆಟ್ಟಿಲ ಮೇಲೆ ಕೂತು ನಮ್ಮೆಲ್ಲರ ಚಪ್ಪಲಿ ಕಾಯುತ್ತಿದ್ದಳು. ಸತ್ತಾಗ ನಮ್ಮ ಸಭೆಯ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಅಜ್ಜಿ ಎಲ್ಲಿಗೆ ಹೋದಳು ಅಂತ ಪಾದ್ರಿಗಳನ್ನು ಕೇಳಿದೆ, ಅವರು ನನ್ನ ತಲೆ ಸವರಿ ಆಚೆ ನೋಡಿದರು. ಎಲ್ಲ ಒಂದೇ ಆಗಿದ್ದರೆ ಆ ಸಂಕಟ ಯಾಕೆ ಬೇಕಿತ್ತು?

ದಯವಿಟ್ಟು ರಾತ್ರಿ ಪ್ರಾರ್ಥನೆ ಬಿಡಬೇಡ. ಮಾಡುತ್ತೀಯಾ ಇಲ್ಲವಾ ಅಷ್ಟಾದರೂ ಬರೆ.

ಅವ್ವ

—

ವೆರಿಬೀ
10 ಏಪ್ರಿಲ್ 2007

ತೇಜೂ,

ಉತ್ತರ ಬರಲಿಲ್ಲ. ಪರೀಕ್ಷೆ ಇರಬೇಕು ಅಂದುಕೊಂಡಿದ್ದೇನೆ. ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಕರದಂಟು ಪಾರ್ಸೆಲ್ ಮಾಡಿದ್ದೇನೆ. ಡಬ್ಬಿ ಒಡೆದಿದ್ದರೆ ತಿನ್ನಬೇಡ.

ಈಸ್ಟರ್ ಚೆನ್ನಾಗಿ ಆಯಿತು. ಗುಡ್ ಫ್ರೈಡೇ ದಿನ ಪ್ರಾರ್ಥನಾ ವಿನಂತಿಗಳನ್ನು ಕೇಳಿದರು. ಎಲ್ಲರೂ ಎದ್ದು ಒಂದೊಂದು ಹೇಳಿದರು, ಒಬ್ಬರಿಗೆ ಪಿಆರ್ ವೀಸಾ ಸಿಗಬೇಕು, ಒಬ್ಬರಿಗೆ ಸಕ್ಕರೆ ಕಾಯಿಲೆ. ನಾನೂ ಏನೋ ಹೇಳಿದೆ. ಅದು ಬಿಡು.

ಕೃಪಾ ಆಂಟಿ ಈ ನಡುವೆ ನನ್ನ ಮೇಲೆ ಬಹಳ ಪ್ರೀತಿ ತೋರಿಸುತ್ತಿದ್ದಾರೆ. ಕೇಳದೆ ಬಿಸಿಬೇಳೆಬಾತ್ ತಂದುಕೊಟ್ಟರು, ಸತ್ತ ಮನೆಗೆ ತರುವ ಹಾಗೆ. ಬರ ಬಿದ್ದು ಇಲ್ಲಿ ನೀರಿಗೆ ಕಟ್ಟುನಿಟ್ಟು. ಪಪ್ಪ ಸ್ನಾನದ ನೀರನ್ನು ಬಕೆಟ್‌ನಲ್ಲಿ ಹಿಡಿದು ಕರಿಬೇವಿನ ಗಿಡಕ್ಕೆ ಹಾಕುತ್ತಾರೆ. ಗಿಡ ಬದುಕಿದೆ.

ಬ್ಯಾನರಿನ ಸುದ್ದಿ ನಾನೇ ನೋಡಿಕೊಳ್ಳುತ್ತೇನೆ. ನೀನು ಯೋಚನೆ ಮಾಡಬೇಡ.

ಅವ್ವ

—

ಮ್ಯಾಕ್ವೆರಿ ಪಾರ್ಕ್
29 ಏಪ್ರಿಲ್ 2007

ಅವ್ವ,

ಇಲ್ಲಿಯ ಕನ್ನಡ ಪ್ರಾರ್ಥನಾ ಗುಂಪಿನ ಗೌರಕ್ಕ ಆಂಟಿ ಫೋನ್ ಮಾಡಿದ್ದರು. ಅವರು ಮಾತಾಡಿದ್ದನ್ನು ಹಾಗೇ ಬರೆಯುತ್ತೇನೆ.

“ತೇಜೂ, ಹುಡ್ಗ ಏನ್ ಮಾಡ್ತಾನಮ್ಮಾ? ರೆಸ್ಟೋರೆಂಟಾ?”

“ಯಾವ ಹುಡುಗ ಆಂಟಿ?”

“ನಾಚ್ಕೋಬೇಡ. ಗ್ರೀಕ್ ಆದ್ರೇನು, ಅವರೂ ಚರ್ಚಿಗೆ ಹೋಗೋರೇ ಅಲ್ವಾ. ಲಿವ್ ಇನ್ ಮಾತ್ರ ಬೇಡ ಕಣಮ್ಮಾ. ನಿಮ್ಮಮ್ಮ ಅಲ್ಲಿ ಕಣ್ಣೀರು ಹಾಕಿದ್ರಂತೆ. ನಮ್ಮ ಪ್ರೇಯರ್ ಚೈನ್‌ನಲ್ಲಿ ಈಸ್ಟರ್‌ನಿಂದ ನಿನ್ನ ಹೆಸರಿದೆ.”

ಮೆಲ್ಬರ್ನಿನಿಂದ ಸಿಡ್ನಿಯವರೆಗೆ ಎಷ್ಟು ಮನೆಗಳಲ್ಲಿ ಜನ ನನ್ನ ಗ್ರೀಕ್ ಹುಡುಗನಿಗಾಗಿ ಮೊಣಕಾಲೂರಿದ್ದಾರೋ ಗೊತ್ತಿಲ್ಲ. ಬಸ್ಸಿನಲ್ಲಿ ಕನ್ನಡದವರು ಕಂಡರೆ ಈಗ ಇಳಿದು ಮುಂದಿನದಕ್ಕೆ ಕಾಯುತ್ತೇನೆ.

ಯಾರಿಗೂ ಹೇಳಬೇಡ ಅಂದಿದ್ದೆ. ನೀನು ಏನು ಹೇಳಿದೆ? ಸುತ್ತಿ ಬಳಸಿ ಬೇಡ, ಅವೇ ಮಾತುಗಳನ್ನು ಬರೆ. ಜುಲೈಗೆ ನಾನು ಬರುವುದಿಲ್ಲ.

ತೇಜಸ್ವಿನಿ

—

ವೆರಿಬೀ
12 ಮೇ 2007

ತೇಜೂ,

ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೀಯ. ಬ್ಯಾಂಕಿನವರ ಹಾಗೆ.

ಕೇಳಿದ್ದೀಯ, ಬರೆಯುತ್ತೇನೆ. “ನನ್ನ ಮಗಳು ಗ್ರೀಕರ ಹಿಂದೆ ಹೋಗಿದ್ದಾಳೆ, ಅವಳಿಗಾಗಿ ಪ್ರಾರ್ಥಿಸಿ.” ಇಷ್ಟೇ ಹೇಳಿದ್ದು. ಸೆರಗಿನಿಂದ ಕಣ್ಣೊರೆಸಿಕೊಂಡು ಕೂತೆ. ನನ್ನ ಮನಸ್ಸಿನಲ್ಲಿ ಇದ್ದದ್ದು ನಿನ್ನ ಸ್ಟೋಯಿಕರು, ಪ್ಲೇಟೋ. ಸತ್ತು ಎರಡು ಸಾವಿರ ವರ್ಷ ಆದವರು. ಈ ಮೆಲ್ಬರ್ನಿನಲ್ಲಿ ಬೀದಿಗೊಬ್ಬ ಜೀವಂತ ಗ್ರೀಕ್ ಇದ್ದಾನೆ ಅನ್ನುವುದು ಹೊಳೆಯಲೇ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಬರೀ ದಡ್ಡಿ ಅಂತಾಗುತ್ತಿತ್ತು, ನೀನೂ ಬಿಟ್ಟುಬಿಡುತ್ತಿದ್ದೆ. ಆದರೆ ಆವತ್ತೇ ಚಹಾ ಕುಡಿಯುವಾಗ ಕೃಪಾ ಆಂಟಿ ನನ್ನ ಕೈ ಹಿಡಿದು, “ಜಲಜಾ, ಲವ್ ಅಂದ್ಮೇಲೆ ಏನ್ ಮಾಡಕ್ಕಾಗತ್ತೆ ಹೇಳಿ. ನಮ್ಮಕ್ಕನ ಮಗಳು ಚೈನೀಸ್ ಹುಡುಗನ್ನ ಮದ್ವೆ ಆಗ್ಲಿಲ್ವಾ? ಈಗ ಎಷ್ಟು ಚೆನ್ನಾಗಿದಾರೆ” ಅಂದರು. ನನಗೆ ಆಗಲೇ ಗೊತ್ತಾಯಿತು. ಹುಡುಗ ಅಲ್ಲ ಅನ್ನಲು ಬಾಯಿ ತೆರೆದೆ. ಹುಡುಗ ಅಲ್ಲದಿದ್ದರೆ ಮತ್ತೇನು ಅಂತ ಕೇಳುತ್ತಾರೆ. ಲೋಗೋಸ್ ಅನ್ನಬೇಕು. ಲೋಗೋ ಅಂದಿದ್ದಿರಲ್ಲ ಅನ್ನುತ್ತಾರೆ. ಸುತ್ತಲೂ ಡಿಗ್ರಿ ಮಾಡಿದವರು, ಐಟಿಯವರು. ನಾನು ಬಾಯಿ ಮುಚ್ಚಿ ಚಹಾ ಕುಡಿದೆ. ನಿನ್ನ ಹೆಸರಿಗಿಂತ ನನ್ನ ಮಾನ ನನಗೆ ದೊಡ್ಡದಾಯಿತು. ಅವರು ತಂದ ಬಿಸಿಬೇಳೆಬಾತ್ ತಿಂದೆ ಕೂಡ.

ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿನಲ್ಲಿ ಮರಿಯಪ್ಪ ಅಂಕಲ್ ಪಪ್ಪನ ಭುಜ ತಟ್ಟಿ ಧೈರ್ಯ ಹೇಳಿದರಂತೆ. ಪಪ್ಪ ಮನೆಗೆ ಬಂದು ಖಾಲಿ ಬಕೆಟ್ ಹಿಡಿದು ಕರಿಬೇವಿನ ಗಿಡದ ಹತ್ತಿರ ನಿಂತರು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ, ಅಕೌಂಟಿಂಗ್ ಬಿಟ್ಟದ್ದನ್ನೂ. ನೀನೇ ಹೇಳಬೇಕು ಅಂದುಕೊಂಡಿದ್ದು ಅದು, ಅದನ್ನೂ ನಾನೇ ಕೆಡಿಸಿದೆ. ಪಪ್ಪ ಬೈಯುತ್ತಾರೆ ಅಂದುಕೊಂಡೆ. “ಅಕೀ ಬ್ಯಾರೆ ಏನರ ಓದ್ಲಿ. ನೀ ಯಾಕ ಅಕೀ ಹೆಸರು ಕೆಡಿಸಿದಿ?” ಅಂದರು, ಅಷ್ಟೇ. ಆಮೇಲೆ ನನ್ನ ಜೊತೆ ಮಾತು ಕಡಿಮೆ.

ಏನು ಮಾಡಲಿ ನೀನೇ ಹೇಳು. ಪ್ರಾರ್ಥನೆಯನ್ನು ವಾಪಸ್ ತಗೊಳ್ಳುವುದು ಹೇಗೆ ಅಂತ ಯಾರೂ ಕಲಿಸಿಲ್ಲ.

ಅವ್ವ

—

ಮ್ಯಾಕ್ವೆರಿ ಪಾರ್ಕ್
29 ಮೇ 2007

ಅವ್ವಾ,

ಪಪ್ಪ ಫೋನ್ ಮಾಡಿದ್ದರು. ‘ಫೀಸ್ ಕಟ್ಟೋ ದಿನ ತಪ್ಪಿಸಬ್ಯಾಡ’ ಅಂದರು, ಬೇರೆ ಏನೂ ಕೇಳಲಿಲ್ಲ. ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ.

ನಿನ್ನ ಕಾಗದ ಓದಿ ಕೋಪ ಮುಗಿಯಿತು ಅಂತ ಸುಳ್ಳು ಹೇಳುವುದಿಲ್ಲ. ಆದರೆ ನಾನೂ ಒಂದನ್ನು ಮುಚ್ಚಿಟ್ಟಿದ್ದೇನೆ. ಮಾರ್ಚ್‌ನಲ್ಲೇ ಆದದ್ದು. ಕ್ಲಾಸಿನಲ್ಲಿ ಲೆಕ್ಚರರ್, ಲೋಗೋಸ್‌ಗೆ ನಿಮ್ಮ ನಿಮ್ಮ ಭಾಷೆಯ ಬೈಬಲ್ಲಿನಲ್ಲಿ ಯಾವ ಪದ ಇದೆ ಅಂತ ಎಲ್ಲರನ್ನೂ ಕೇಳಿದರು. ಚೀನಾದ ಹುಡುಗಿ ‘ತಾವ್’ ಅಂದಳು, ದಾರಿ ಅಂತ ಅರ್ಥ. ಎಲ್ಲರೂ ಆಹಾ ಅಂದರು. ನನ್ನ ಸರದಿ ಬಂತು. ವಾಕ್ಯ ಅಂದೆ, ಅಂದರೆ ಸೆಂಟೆನ್ಸ್ ಅಂದೆ. ನನಗೂ ಆ ಏಳನೇ ಕ್ಲಾಸಿನ ವ್ಯಾಕರಣವೇ ಗೊತ್ತಿದ್ದದ್ದು. ‘ಫುಲ್ ಸ್ಟಾಪ್ ಎಲ್ಲಿ?’ ಅಂತ ಒಬ್ಬ ಕೇಳಿದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನಮ್ಮಮ್ಮ ದಿನಾ ಎರಡು ಸಲ ಅದಕ್ಕೆ ಕೈಮುಗಿಯುತ್ತಾಳೆ ಅಂದೆ, ಇನ್ನಷ್ಟು ನಗಲಿ ಅಂತ. ನೀನು ಚಹಾ ಕುಡಿದೆ, ನಾನು ನಕ್ಕೆ. ಏನು ವ್ಯತ್ಯಾಸ?

ಲೆಕ್ಚರರ್ ನಗಲಿಲ್ಲ. ಗ್ರೀಕರಿಗೇ ಆ ಪದಕ್ಕೆ ಒಂದು ಅರ್ಥ ಇರಲಿಲ್ಲ ಅಂದರು. ಮಾತು, ಬುದ್ಧಿ, ಕಾರಣ, ಕೊನೆಗೆ ಲೆಕ್ಕ ಅಂತಲೂ ಆಗುತ್ತದಂತೆ. ಅಕೌಂಟಿಂಗ್ ಬಿಟ್ಟು ಓಡಿ ಬಂದರೆ ಇಲ್ಲಿಯೂ ಲೆಕ್ಕವೇ ಕಾದಿತ್ತು.

ಎಂಜಲು ಅಂದೆಯಲ್ಲ, ಅದರ ಬಗ್ಗೆ ಇಷ್ಟು ದಿನ ಯೋಚಿಸಿದೆ. ಆ ಮೊದಲ ಕಾಲದ ಕ್ರೈಸ್ತರಲ್ಲೂ ನಿನ್ನ ಹಾಗೆ ಹೆದರಿದವರಿದ್ದರು. ಗ್ರೀಕರ ವಿದ್ಯೆ ನಮ್ಮ ಸಭೆಗೆ ಬೇಡವೇ ಬೇಡ ಅಂತ ಜಗಳಕ್ಕೆ ನಿಂತವರು. ಅವರೂ ಬರೆದದ್ದು ಗ್ರೀಕರಿಂದ ಕಲಿತ ವಾದದ ರೀತಿಯಲ್ಲೇ. ಬಾಸೆಲ್ ಮಿಷನ್ ಪಾದ್ರಿಗಳು ನಮ್ಮ ಕಡೆ ಬಂದಾಗ ‘ದೇವರು’ ಅನ್ನುವ ಪದವನ್ನು ಜರ್ಮನಿಯಿಂದ ಪೆಟ್ಟಿಗೆಯಲ್ಲಿ ತಂದರಾ? ಬಸಕ್ಕಜ್ಜಿಯಂಥವರ ಬಾಯಲ್ಲಿ ಇದ್ದದ್ದನ್ನೇ ತಗೊಂಡರು. ಬೇರೆ ಪದ ಹೇಳಿದ್ದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಯೋಹಾನನೂ ಕೇಳುವವರ ಬಾಯಲ್ಲಿದ್ದ ಪದ ಹಿಡಿದ. ಅಷ್ಟು ನನಗೆ ಅರ್ಥವಾಗಿದೆ. ಉಳಿದದ್ದು ಇನ್ನೂ ಇಲ್ಲ. ರಾತ್ರಿ ಪ್ರಾರ್ಥನೆ ಮಾಡುತ್ತೇನೆ. ಕೆಲವು ದಿನ ನಿದ್ದೆ ಬಂದುಬಿಡುತ್ತದೆ.

ಜುಲೈಗೆ ಬರಬೇಕು ಅಂತ ಆಸೆ ಇದೆ. ಆದರೆ ಅವರೆಲ್ಲ ನನ್ನ ಹಿಂದೆ ಆ ಹುಡುಗನನ್ನು ಹುಡುಕುವ ಹಾಗೆ ನೋಡಿದರೆ ನಾನು ತಡೆಯಲಾರೆ. ನೀನು ಹುಟ್ಟಿಸಿದ ಹುಡುಗ ಅವನು. ನೀನೇ ಕಳಿಸಬೇಕು.

ತೇಜೂ

—

ವೆರಿಬೀ
18 ಜೂನ್ 2007

ಪ್ರೀತಿಯ ತೇಜೂ,

ನಿನ್ನೆ ವಾರ್ಷಿಕೋತ್ಸವ ಆಯಿತು.

ವೇದಿಕೆಯ ಹಿಂದೆ ಬ್ಯಾನರ್ ಕಟ್ಟಿದ್ದರು. ನಡುವೆ ಇಷ್ಟಗಲ ಬಿಳಿ ವೃತ್ತ. ಮರಿಯಪ್ಪ ಅಂಕಲ್ ಲೋಗೋಗೆ ಜಾಗ ಬಿಡಿಸಿ ಪ್ರಿಂಟ್ ಮಾಡಿಸಿಬಿಟ್ಟಿದ್ದರು. ನಾನೇ ನೋಡಿಕೊಳ್ಳುತ್ತೇನೆ ಅಂತ ನಿನಗೆ ಬರೆದು, ಅವರಿಗೆ ಬೇಡ ಅಂತ ಹೇಳುವ ಧೈರ್ಯವಿಲ್ಲದೆ ದಿನ ತಳ್ಳಿದ್ದರ ಫಲ. ಅವರು ಮೈಕಿನಲ್ಲಿ, “ಲೋಗೋ ಒಂದು ಬರೋದೈತಿ. ಜಲಜಕ್ಕನ ಮಗಳು ಸ್ವಲ್ಪ ಬ್ಯಾರೆ ಕೆಲಸದಾಗ ಅದಾಳ” ಅಂದರು. ಯಾರೂ ನಗಲಿಲ್ಲ. ಎಲ್ಲರೂ ಒಟ್ಟಿಗೆ ನೆಲ ನೋಡಿದರು. ನಿನಗಾಗಿ ನಾಚಿಕೊಂಡರು ತೇಜೂ. ಮಾಡಿದವಳು ನಾನು, ಇಲ್ಲಿ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೆ.

ಎದ್ದು ನಿಂತೆ. ಪಪ್ಪ ಸೆರಗು ಹಿಡಿದು ಎಳೆದರು, ನನಗೆ ಮೈ ಸರಿಯಿಲ್ಲ ಅಂದುಕೊಂಡು. ಹೋಗಿ ಮೈಕ್ ಹಿಡಿದೆ. ಅದು ಕೀಂ ಅಂತ ಕೂಗಿತು.

“ನನ್ನ ಮಗಳು ಲೋಗೋ ಮಾಡುವುದಿಲ್ಲ. ಅವಳು ಬರೆದದ್ದು ಲೋಗೋಸ್, ನಾನು ಓದಿದ್ದು ಲೋಗೋ. ತಪ್ಪು ನನ್ನದು” ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಕ್ಕದ್ದನ್ನು ಕೇಳಿಸಿಕೊಂಡೇ ಮುಂದೆ ಹೇಳಿದೆ. ಗುಡ್ ಫ್ರೈಡೇ ದಿನ ನಾನು ಹೇಳಿದ ಗ್ರೀಕರು ಪುಸ್ತಕದ ಗ್ರೀಕರು, ಹುಡುಗ ಯಾರೂ ಇಲ್ಲ, ನೀವು ಹಾಗೆ ತಿಳಿದದ್ದು ನನಗೆ ಆವತ್ತೇ ಗೊತ್ತಿತ್ತು, ನನ್ನ ದಡ್ಡತನ ಮುಚ್ಚಿಕೊಳ್ಳಲು ನಾನು ಸುಮ್ಮನಿದ್ದೆ ಅಂದೆ.

ಆಗ ಕೃಪಾ ಆಂಟಿ ಕೂತಲ್ಲಿಂದಲೇ, “ಅಯ್ಯೋ! ಮತ್ತೆ ಇಷ್ಟು ವಾರದಿಂದ ನಾವು ಯಾರಿಗೆ ಪ್ರೇಯರ್ ಮಾಡಿದ್ದು?” ಅಂದರು. ಇಡೀ ಹಾಲ್ ನಕ್ಕಿತು. ನನ್ನ ಮೇಲೋ ತಮ್ಮ ಮೇಲೋ ಗೊತ್ತಾಗಲಿಲ್ಲ. ಪಪ್ಪ ಮಾತ್ರ ನಗಲಿಲ್ಲ. ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು.

ನಗು ನಿಂತ ಮೇಲೆ ಮರಿಯಪ್ಪ ಅಂಕಲ್, “ಹಂಗಾರ ಲೋಗೋಸ್ ಅಂದ್ರ ಏನ್ರೀ ಜಲಜಕ್ಕ?” ಅಂತ ಕೇಳಿದರು. ಕುಹಕವಿರಲಿಲ್ಲ, ನಿಜವಾಗಿ ಕೇಳಿದರು. ಲೋಗೋಸ್ ಬಗ್ಗೆ ನೀನು ಬರೆದ ಎರಡೂ ಕಾಗದ ನನಗೆ ಬಾಯಿಪಾಠ. ಮಾತು, ಬುದ್ಧಿ, ಲೆಕ್ಕ, ಬೀಜ, ಹೊದಿಕೆ ಹೊದ್ದವನು. ಅಲ್ಲಿ ನಿಂತಾಗ ಒಂದೂ ಬಾಯಿಗೆ ಬರಲಿಲ್ಲ. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪರೀಕ್ಷೆಗೆ ಕೂತ ಹಾಗೇ ಆಯಿತು.

“ನನಗ ಗೊತ್ತಿಲ್ರೀ. ನನ್ನ ಮಗಳಿಗೆ ಗೊತ್ತೈತಿ. ಆಕಿ ಬಂದು ಹೇಳ್ತಾಳ” ಅಂದು ಇಳಿದು ಬಂದೆ.

ಕೂತ ಮೇಲೆ ಹೊಳೆಯಿತು, ನಿನ್ನನ್ನು ಕೇಳದೆ ಮತ್ತೆ ನಿನ್ನ ಹೆಸರಿನಲ್ಲಿ ಮಾತು ಕೊಟ್ಟುಬಿಟ್ಟಿದ್ದೇನೆ. ಅವರು ಆಗಲೇ ಜುಲೈ ಹದಿನೈದರ ಭಾನುವಾರ ಅಂತ ಬರೆದುಕೊಂಡರು. ನಿನಗೆ ಬೇಡವಾದರೆ ಬೇಡ. ಇನ್ನೊಂದು ಸಲ ಎದ್ದು ನಿಂತು, ಬರುವುದಿಲ್ಲ ಅಂತ ನಾನೇ ಹೇಳುತ್ತೇನೆ. ದಾರಿಯಲ್ಲಿ ಕಾರಿನೊಳಗೆ ಪಪ್ಪ, “ಅಕೀಗೆ ಟಿಕೆಟ್ ನಾ ಬುಕ್ ಮಾಡ್ಲೇನು, ಅಕೀನ ಮಾಡ್ತಾಳೇನು, ಕೇಳು” ಅಂದರು. ನನ್ನ ಜೊತೆ ಅಷ್ಟುದ್ದ ಮಾತಾಡಿ ತಿಂಗಳಾಗಿತ್ತು.

ಬಂದರೆ ಒಂದೇ ಒಂದು ಬೇಡಿಕೆ. ಉಳಿದದ್ದನ್ನು ನಿನಗೆ ತಿಳಿದ ಹಾಗೆ ಹೇಳು, ಅರ್ಥವಾಗದ್ದನ್ನು ಅರ್ಥವಾಗಿಲ್ಲ ಅಂತಲೇ ಹೇಳು. ಆ ಜಸ್ಟಿನ್ ಹೇಳಿದ ಬೀಜದ ಮಾತನ್ನು ಮಾತ್ರ ಬಿಡಬೇಡ. ಕ್ರಿಸ್ತನಿಗಿಂತ ಮುಂಚೆ ಇದ್ದವರಿಗೆ ಅಷ್ಟೇನಾ, ಬಾಗಿಲ ತನಕ ಬಂದು ಹೊರಗೇ ಕೂತವರಿಗೂ ಅದು ಇದೆಯಾ, ಓದಿ ನೋಡಿಕೊಂಡು ಬಾ. ಎಲ್ಲರ ಎದುರು ನಾನು ಕೇಳುವುದಿಲ್ಲ. ನೀನೇ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ನನಗೆ ಬಸಕ್ಕಜ್ಜಿಯ ಕೈ ನೆನಪಾಗುತ್ತದೆ. ನಾವು ಹೊರಬರುವಷ್ಟರಲ್ಲಿ ಚಪ್ಪಲಿಗಳನ್ನೆಲ್ಲ ತಿರುಗಿಸಿ ಮನೆ ಕಡೆಗೆ ಮುಖ ಮಾಡಿ ಇಟ್ಟಿರುತ್ತಿದ್ದಳು.

ಬಿಳಿ ವೃತ್ತ ಹಾಗೇ ಇರಲಿ ಅಂತ ಮರಿಯಪ್ಪ ಅಂಕಲ್ ಹೇಳಿದರು.

ಸ್ವೆಟರ್ ತಾ. ಇಲ್ಲಿ ನಿಮ್ಮ ಸಿಡ್ನಿಗಿಂತ ಚಳಿ.

ನಿನ್ನ ಅವ್ವ

ತೇಜೂ, ಕವರ್ ಅಂಟಿಸಿದವಳು ಬಿಚ್ಚಿ ಬರೆಯುತ್ತಿದ್ದೇನೆ. ಹುಡುಗ ಯಾರೂ ಇಲ್ಲ ಅಂತ ಎಲ್ಲರ ಎದುರು ಮೈಕಿನಲ್ಲಿ ಹೇಳಿದ್ದೇನೆ. ಇಲ್ಲ ತಾನೆ? ಇದ್ದರೆ ಈ ಸಲ ನನಗೆ ಮೊದಲು ಹೇಳು. ಬಾಯಿ ಮುಚ್ಚಿಕೊಂಡು ಅವನಿಗೂ ರೊಟ್ಟಿ ಮಾಡುತ್ತೇನೆ.